ಬೋರಲು ಹಾಕಿದ ಗ್ಲಾಸು

ಬ್ಯಾಡಗಿಗೆ ಹೊಸದಾಗಿ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ಊರ ಗಾಳಿಯೇ ಹಾಗೆ. ಸುಗ್ಗಿಯ ದಿನಗಳಲ್ಲಿ ಪೇಟೆ, ಓಣಿ, ಮಾಳಿಗೆ ಎಲ್ಲ ಕಡೆ ಮೆಣಸಿನಕಾಯಿ ಕೆಂಪಗೆ ಹರಡಿರುತ್ತದೆ. ಊರವರ ಮೂಗಿಗೆ ಅದರ ಪರಿವೆಯೇ ಇಲ್ಲ. ಪರವೂರವರು ಮಾತ್ರ ಬಸ್ಸಿಳಿಯುತ್ತಲೇ ಕರವಸ್ತ್ರ ಹುಡುಕುತ್ತಾರೆ.

1989ರ ಜನವರಿಯ ಒಂದು ಗುರುವಾರ ಸಲಾವುದ್ದೀನ ಶರೀಫಾಳ ಮನೆಯ ಹೊಸ್ತಿಲಲ್ಲಿ ನಿಂತು ಏಳು ಸಲ ಸೀನಿದ. ಕೈಯಲ್ಲಿ ಗೋಲಿ ಸೋಡಾದ ಎರಡು ಬಾಟ್ಲಿ. ಮೂಗು ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇಲ್ಲ. ಒಳಗೆ ತಾನು ದಾದಿ ಎನ್ನುವ ಅಜ್ಜಿಯ ಪಕ್ಕದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಶರೀಫಾ ಒಂದೊಂದನ್ನೂ ಬೆರಳು ಮಡಚಿ ಎಣಿಸಿದಳು.

"ಏಳಕ್ಕ ನಿಲ್ಲಿಸಿಬಿಟ್ರಲ್ಲ. ಎಂಟನೇದು ಎಲ್ಲಿ ಹೋತ್ರೀ?" ಎಂದಳು.

"ಮುಂದಿನ ವಾರಕ್ಕ ಇಟ್ಕೊಂಡೇನ್ರಿ," ಎಂದ ಅವನು. ಕಣ್ಣು ತುಂಬ ನೀರು, ಮೂಗು ಕೆಂಪು. ಅಂಥ ಅವತಾರದಲ್ಲೂ ನಗುತ್ತಿದ್ದ.

"ಯಾರವ್ವಾ ಅದು?" ದಾದಿ ಕೇಳಿದಳು.

"ರಾಣೆಬೆನ್ನೂರಿನ ಸೋಡಾದವ್ರು ದಾದಿ. ಸೋಡಾಕ್ಕಿಂತ ಇವರ ಮೂಗ ಜೋರ ಐತಿ."

ಶರೀಫಾಳ ತಂದೆ ರಹಿಮಾನಸಾಬರದು ಮೆಣಸಿನಕಾಯಿಯ ದಲಾಲಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ತಾಯಿ ತೀರಿಕೊಂಡಾಗ ಶರೀಫಾ ನಾಲ್ಕು ವರ್ಷದವಳು. ಸಾಕಿದ್ದೆಲ್ಲ ದಾದಿ ರಮಜಾನಬಿ, ಅಂದರೆ ರಹಿಮಾನಸಾಬರ ತಾಯಿ. ಆ ಮುದುಕಿಗೆ ಊಟವಾದ ಮೇಲೆ ಹೊಟ್ಟೆ ಉಬ್ಬರ. ಸೋಡಾ ಕುಡಿದು ಒಂದು ಡೇಗು ಬಂದರೆ ಪ್ರಾಣ ಹಗುರ. ಹಾಗಾಗಿ ಗುರುವಾರದ ಪೇಟೆಗೆ ಸೋಡಾದ ಪೆಟ್ಟಿಗೆ ಇಳಿಸಲು ಬರುವ ಸಲಾವುದ್ದೀನ, ಎರಡು ಬಾಟ್ಲಿ ತೆಗೆದಿಟ್ಟು ಈ ಮನೆಗೂ ಬರತೊಡಗಿದ. ಮುದುಕಿಯ ಹೊಟ್ಟೆಯ ಬಗ್ಗೆ ಅವನಿಗಿದ್ದ ಕಾಳಜಿ ಮುದುಕಿಯ ಸ್ವಂತ ಮಗನಿಗೂ ಇರಲಿಲ್ಲವೆನ್ನಿ.

ಅವನು ಬಾಟ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿದರೆ ಗೋಲಿ ಟಪ್ಪೆಂದು ಒಳಗೆ ಇಳಿಯುತ್ತಿತ್ತು, ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಶರೀಫಾ ಗ್ಲಾಸು ಹಿಡಿಯುತ್ತಿದ್ದಳು. ಗ್ಲಾಸು ತುಂಬುವಷ್ಟು ಹೊತ್ತು ಇಬ್ಬರೂ ಅದನ್ನೇ ನೋಡಬೇಕು. ಮೊದಲ ವಾರ ಹಾಗೆಯೇ ನೋಡಿದರು. ಮೂರನೆಯ ವಾರ ಅವನು ಗ್ಲಾಸು ಬಿಟ್ಟು ಬೇರೇನೋ ನೋಡಿದ, ಸೋಡಾ ದಾದಿಯ ಹಾಸಿಗೆಯ ಮೇಲೆ ಹರಿಯಿತು.

"ಹನಿ ಚೆಲ್ಲಂಗಿಲ್ಲ ಅಂತಿದ್ರಿ," ಶರೀಫಾ ತುಟಿ ಕಚ್ಚಿ ಹೇಳಿದಳು.

"ಗ್ಲಾಸು ಅಲುಗಾಡ್ತ್ರಿ."

"ಗ್ಲಾಸು ನನ್ನ ಕೈಯಾಗ ಇತ್ತು. ನನ್ನ ಕೈ ಅಲುಗಾಡಿಲ್ಲ."

"ಹಂಗಾದ್ರ ಅಲುಗಾಡಿದ್ದು ನಾನ ಇರಬೇಕ್ರಿ," ಎಂದ. ಅರಿವೆ ತರುತ್ತೇನೆಂದು ಒಳಗೆ ಹೋದವಳು ಅಡಿಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಎಷ್ಟೋ ಹೊತ್ತು ನಿಂತಿದ್ದಳು.

ಒಂದು ವಾರ ದಾರಿಯಲ್ಲಿ ಬಾಟ್ಲಿ ಒಡೆದಿತ್ತು. ಅವನು ಅದರ ಹಸಿರು ಗೋಲಿಯನ್ನು ತೊಳೆದು ಹೊಸ್ತಿಲ ಮೇಲಿಟ್ಟು, "ಇಷ್ಟ ಉಳೀತ್ರಿ," ಎಂದು ಹೇಳಿ ಹೋದ. ಶರೀಫಾ ಅದನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡಳು. ಕಣ್ಣುಮುಚ್ಚಿ ತೂಕಡಿಸುತ್ತಿದ್ದ ದಾದಿ ಎಲ್ಲವನ್ನೂ ಕಂಡಳು. ತೂಕಡಿಸುವ ಮುದುಕಿಯರಷ್ಟು ಚೆನ್ನಾಗಿ ಕಾಣುವವರು ಲೋಕದಲ್ಲಿ ಯಾರೂ ಇಲ್ಲ.

ಮಾರ್ಚ್ ತಿಂಗಳಲ್ಲಿ ಅವನು ನೇರವಾಗಿ ಕೇಳಿದ. "ನಿಮ್ಮ ಅಬ್ಬಾನ ಕೂಡ ಮಾತಾಡಲೇನ್ರಿ?"

"ಮಾತಿನ ನಡುವ ಸೀನು ಬಂದ್ರ?"

"ಸೀನಿ, ಮತ್ತ ಮಾತಾಡ್ತೇನ್ರಿ."

"ಹಂಗಾದ್ರ ಮಾತಾಡ್ರಿ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ, ಆದರೆ ಅವನಿಗೆ ಕೇಳಿಸಿತು.

ರಹಿಮಾನಸಾಬರು ಒಪ್ಪಿದರು. ಹುಡುಗ ಕಷ್ಟಜೀವಿ, ತಂದೆ ಕಟ್ಟಿದ ಸೋಡಾ ಅಂಗಡಿಯನ್ನು ಬಿಡದೆ ನಡೆಸಿಕೊಂಡು ಬಂದವನು. ಅಡ್ಡ ನಿಂತವಳು ಅವನ ತಾಯಿ ಹಾಜಿರಾಬಿ. ಆಕೆಗೆ ಹಾವೇರಿಯಲ್ಲಿ ಅಣ್ಣನ ಮಗಳಿದ್ದಳು, ಮನಸ್ಸೆಲ್ಲ ಅಲ್ಲಿ. "ಬ್ಯಾಡಗಿ ಹುಡುಗ್ಯಾರದು ಬಾಯಿ ಭಾಳ ಖಾರ, ನನ್ನ ಮಗ ಖಾರ ತಾಳಂಗಿಲ್ಲ," ಎಂದುಬಿಟ್ಟಿದ್ದಳು. ಕಡೆಗೆ ಅವಳ ಮೈದುನ ಗೂಡುಸಾಬ ಬೆನ್ನುಹತ್ತಿ, ರಮಜಾನ್ ತಿಂಗಳಲ್ಲಿ ಒಂದು ಸಂಜೆ ರೋಜಾದ ಉಪವಾಸ ಬಿಡಲು ಬ್ಯಾಡಗಿಗೆ ಹೋಗಿಬರೋಣ, ಹುಡುಗಿಯನ್ನು ಒಮ್ಮೆ ನೋಡು, ಆಮೇಲೆ ನಿನ್ನಿಷ್ಟ ಎಂದು ಒಪ್ಪಿಸಿದ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಈ ಮನೆತನಗಳಲ್ಲಿ ಹೆಣ್ಣಿನ ಮನೆಗೆ ಹೋಗಿ ಒಲ್ಲೆ ಎಂದು ಬಾಯಿಂದ ಹೇಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಹುಡುಗಿ ಮಾಡಿದ ಶರಬತ್ತು ಕೊಡುತ್ತಾರೆ. ಹುಡುಗನ ತಾಯಿ ಅದನ್ನು ಪೂರ್ತಿ ಕುಡಿದು ಗ್ಲಾಸನ್ನು ತಾಟಿನಲ್ಲಿ ಬೋರಲು ಹಾಕಿದರೆ ಒಪ್ಪಿಗೆ. ಅರ್ಧ ಬಿಟ್ಟು ಬಿಸಿಲಿನ ಮಾತೋ ಮಳೆಯ ಮಾತೋ ಎತ್ತಿದರೆ ಮುಗಿಯಿತು, ಎರಡೂ ಕಡೆಯವರು ಆ ಸಂಬಂಧದ ಸುದ್ದಿಯನ್ನು ಮತ್ತೆ ಎತ್ತುವಂತಿಲ್ಲ. ಶರೀಫಾಳ ಬಾಳೆಲ್ಲ ಈಗ ಒಂದು ಗ್ಲಾಸಿನ ತಳದಲ್ಲಿತ್ತು.

"ಅಮ್ಮಿ ಬಣ್ಣದ ಶರಬತ್ತು ಮುಟ್ಟಂಗಿಲ್ಲ," ಸಲಾವುದ್ದೀನ ಮೊದಲೇ ಹೇಳಿದ್ದ. "ನಮ್ಮ ಅಂಗಡ್ಯಾಗ ಬಣ್ಣದ ಪುಡಿ ಕಲಸಿ ಕಲಸಿ ಅಕಿಗೆ ಬ್ಯಾಸರ ಬಂದೈತಿ. ಅದು ನೀರಿಗೆ ಹಚ್ಚಿದ ಸುಣ್ಣಬಣ್ಣ ಅಂತಾಳ."

ಶುಭದ ಶರಬತ್ತು ಕೆಂಪಗಿರಬೇಕು, ಬಣ್ಣದ ಪುಡಿ ಬೀಳಬಾರದು. ಮನೆಮಂದಿಯೆಲ್ಲ ಟೊಂಕ ಕಟ್ಟಿದರು. ರೋಜಾ ಬಿಟ್ಟು, ನಮಾಜು ಮುಗಿಸಿ, ಸಂಜೆ ಸಂಜೆಗೆ ಪಡಸಾಲೆಯಲ್ಲಿ ಪ್ರಯೋಗ ನಡೆಯಿತು. ಮೊದಲ ದಿನ ಹುಣಸೆಹಣ್ಣು, ಬೆಲ್ಲ, ಏಲಕ್ಕಿ. ರುಚಿ ಚೆನ್ನಾಗಿತ್ತು, ಬಣ್ಣ ಮಾತ್ರ ಕೆರೆಯ ನೀರಿನದು. ಮರುದಿನ ಪಕ್ಕದ ಮನೆಯ ಸುಶೀಲವ್ವ ಗೋಡೆಯ ಮೇಲಿಂದ ಬೀಟ್‌ರೂಟ್ ಹಾಕಲು ಹೇಳಿದಳು. ರಹಿಮಾನಸಾಬರು ಒಂದು ಗುಟುಕು ಕುಡಿದು, "ಇದು ಶರಬತ್ತೋ, ಹೊಲದ ಮಣ್ಣೋ?" ಎಂದರು.

ಮೂರನೆಯ ದಿನ ಶರೀಫಾಳ ಕಣ್ಣು ಮೂಲೆಯ ಚೀಲದ ಮೇಲೆ ಬಿತ್ತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಊರಿಗೆ ಊರೇ ಈ ಮಾತನ್ನು ಹೇಳಿ ವ್ಯಾಪಾರ ಮಾಡುತ್ತದೆ. ನಾಲ್ಕು ಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಹಾಕಿ, ರುಬ್ಬಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಹುಣಸೆ ಬೆಲ್ಲದ ನೀರಿಗೆ ಬೆರೆಸಿದಳು.

"ಐತಿ, ಐತಿ," ಅಬ್ಬಾ ಗ್ಲಾಸನ್ನು ಲೈಟಿಗೆ ಹಿಡಿದು ನೋಡಿದರು. "ಆದ್ರ ಬಣ್ಣ ಸ್ವಲ್ಪ ಕಮ್ಮಿ ಆತು."

ಮರುದಿನ ಎಂಟು ಕಾಯಿ. ಅದರ ಮರುದಿನ ಹದಿನಾರು. ಆಗ ಬಂತು ನೋಡಿ ಬಣ್ಣ. ಗ್ಲಾಸಿನೊಳಗೆ ಸಂಜೆಯ ಸೂರ್ಯ ಮುಳುಗಿದಂತಿತ್ತು.

"ಖಾರ ಆಗಿಲ್ಲ ಹೌದಿಲ್ಲೊ?" ಶರೀಫಾ ಕೇಳಿದಳು.

"ಖಾರ ಎಲ್ಲೈತಿ?" ಅಬ್ಬಾ ಎರಡನೆಯ ಗ್ಲಾಸಿಗೆ ಕೈ ಚಾಚಿದರು.

"ಬೆಲ್ಲ ಮುಂದ ಐತಿ, ಹುಣಸಿ ಹಿಂದ ಐತಿ. ಖಾರ ದೀಪಾ ಹಚ್ಚಿ ಹುಡುಕಿದ್ರೂ ಸಿಗಂಗಿಲ್ಲ," ಎಂದಳು ದಾದಿ. ಸುಶೀಲವ್ವನೂ ಕುಡಿದು, "ಭಾಳ ಚಲೋ ಆಗೇತಿ ನೋಡವಾ," ಎಂದಳು. ಶರೀಫಾ ತಾನೂ ಕುಡಿದಳು. ತಂಪಾಗಿತ್ತು.

ಒಬ್ಬರು ಐವತ್ತು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು, ಒಬ್ಬರು ಮೆಣಸಿನಕಾಯಿಯ ಚೀಲದ ಮೇಲೆ ತಲೆಯಿಟ್ಟು ಮಲಗುವವರು, ಒಬ್ಬಳು ಅದರ ಗಾಳಿಯಲ್ಲೇ ಹುಟ್ಟಿದವಳು. ಈ ನಾಲಿಗೆಗಳಿಗೆ ಖಾರ ಗೊತ್ತಾಗುತ್ತದೆಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಾರಣ, ಅವರಾರೂ ಬೇರೆ ನಾಲಿಗೆಯನ್ನು ಕಂಡವರೇ ಅಲ್ಲ.

ಗುರುವಾರ ಸಲಾವುದ್ದೀನ ಬಂದಾಗ ಶರೀಫಾ ಗ್ಲಾಸು ತಂದು ತೋರಿಸಿದಳು. ಹಗಲು, ಇಬ್ಬರಿಗೂ ರೋಜಾ. ಕುಡಿಯುವ ಮಾತಿಲ್ಲ. ಅವನು ಗ್ಲಾಸನ್ನು ಬಿಸಿಲಿಗೆ ಹಿಡಿದು ಆ ಕೆಂಪಿನ ಮೂಲಕ ಅವಳ ಮುಖ ನೋಡಿದ.

"ಏನ್ ಕಾಣ್ತೈತ್ರಿ?" ಅವಳು ಕೇಳಿದಳು.

"ರೋಜಾ ಹಿಡದವರು ಹೇಳೂ ಮಾತಲ್ಲ ಅದು."

ಅವಳ ಕಿವಿಯವರೆಗೂ ಬಿಸಿಯೇರಿತು. ಅವನು ಗ್ಲಾಸನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದ, ನೋಡಿದವನೇ ಜೋರಾಗಿ ಒಂದು ಸಲ ಸೀನಿದ.

"ಎಂಟನೇದು ಬಂತು," ಎಂದು ಶರೀಫಾ ನಕ್ಕಳು. ಅವನೂ ನಕ್ಕ. ಆ ಸೀನು ಏನನ್ನೋ ಹೇಳುತ್ತಿತ್ತು. ನಗುವವರಿಗೆ ಅದು ಎಲ್ಲಿ ಕೇಳಿಸಬೇಕು?

ರವಿವಾರ ಸಂಜೆ ಬೀಗರಾಗುವವರು ಬಂದರು. ಹಾಜಿರಾಬಿ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಸೀನುತ್ತಲೇ ಬಂದಳು, ಅಲ್ಲಿಗೇ ಅರ್ಧ ಮನಸ್ಸು ಮುರಿದಿತ್ತು. "ಬರ್ರಿ, ಕುಂದ್ರಿ," ಎಂದು ರಹಿಮಾನಸಾಬರು ಪಡಸಾಲೆಯಲ್ಲಿ ಚಾಪೆ ಹಾಸಿದರು. ಹಾಜಿರಾಬಿ ದಾದಿಯ ಪಕ್ಕ ಕುಳಿತಳು, ಎದುರಿಗೆ ಗೂಡುಸಾಬ ಮತ್ತು ಸಲಾವುದ್ದೀನ. ಶರೀಫಾ ಬಂದು ಸಲಾಮು ಹೇಳಿ ಒಳಗೆ ಹೋದಳು. ಹಾಜಿರಾಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

ಮಸೀದಿಯಿಂದ ಸಂಜೆಯ ಮಗರಿಬ್‌ನ ಬಾಂಗು ಕೇಳಿಸಿತು. ಎಲ್ಲರೂ ಖರ್ಜೂರ ಬಾಯಿಗೆ ಹಾಕಿಕೊಂಡರು. ರಹಿಮಾನಸಾಬರು ಕೆಂಪು ಗ್ಲಾಸುಗಳ ತಾಟನ್ನು ತಂದಿಟ್ಟರು. ಶರೀಫಾ ಪರದೆಯ ಸಂದಿಗೆ ಕಣ್ಣಿಟ್ಟು ನಿಂತಳು. ಓಢಣಿಯ ತುದಿಯ ಗಂಟು ಮುಷ್ಟಿಯಲ್ಲಿತ್ತು.

ಹಾಜಿರಾಬಿ ಹದಿಮೂರು ಗಂಟೆಯ ಬಾಯಾರಿಕೆಯಲ್ಲಿ ಒಂದು ದೊಡ್ಡ ಗುಟುಕು ಕುಡಿದಳು. ಕಣ್ಣು ಅಗಲವಾದವು. ಮರ್ಯಾದೆಗೆಂದು ಇನ್ನೊಂದು ಗುಟುಕು ಇಳಿಸಿದಳು. ಆಮೇಲೆ ಅರ್ಧ ಗ್ಲಾಸನ್ನು ನಿಧಾನವಾಗಿ ತಾಟಿನಲ್ಲಿಟ್ಟಳು.

ಗೂಡುಸಾಬ ಕೆಮ್ಮುತ್ತ ನೀರಿನ ತಂಬಿಗೆಯನ್ನೇ ಎತ್ತಿಕೊಂಡ.

"ಈ ವರ್ಷ ಬಿಸಿಲು ಭಾಳ ಐತಿ," ಎಂದಳು ಹಾಜಿರಾಬಿ.

ರಹಿಮಾನಸಾಬರ ಮುಖ ಬಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾವೇರಿಯ ಹುಡುಗಿ ಗೆದ್ದಳು, ಎಂದುಕೊಂಡಳು ಪರದೆಯ ಹಿಂದಿನ ಶರೀಫಾ. ಆಗ ಅವಳ ಕಣ್ಣು ಸಲಾವುದ್ದೀನನ ಮೇಲೆ ಹೋಯಿತು.

ಅವನು ಗ್ಲಾಸನ್ನು ತುಟಿಯಿಂದ ತೆಗೆದೇ ಇರಲಿಲ್ಲ. ಕಿವಿ ಕೆಂಪಾಗಿದ್ದವು, ಹಣೆಯಲ್ಲಿ ಬೆವರು, ಎರಡೂ ಕಣ್ಣಿಂದ ಧಾರೆಯಾಗಿ ನೀರು. ಕಡೆಯ ಹನಿಯ ತನಕ ಕುಡಿದು ಗ್ಲಾಸನ್ನು ತಾಟಿನಲ್ಲಿ ಬೋರಲು ಹಾಕಿದ. ಹಾಕಿದವನು ಪರದೆಯ ಕಡೆ ನೋಡಿದ. ಅಷ್ಟು ಸಂಕಟದಲ್ಲೂ ಮೊದಲ ದಿನದ ಆ ನಗು ಅವನ ಮುಖದಲ್ಲಿತ್ತು.

ಆದರೆ ಲೆಕ್ಕಕ್ಕೆ ಬರುವುದು ತಾಯಿಯ ಗ್ಲಾಸು.

"ಯಾಕವ್ವಾ, ಶರಬತ್ತು ಸೇರಲಿಲ್ಲೇನು?" ದಾದಿ ತಡೆಯಲಾರದೆ ಕೇಳಿದಳು.

ಹಾಜಿರಾಬಿಯ ಸಿಟ್ಟು ಆಗ ಹೊರಗೆ ಬಂತು. "ದಿನಾ ಪೂರ್ತಿ ಉಪವಾಸ ಇದ್ದವರ ಬಾಯಾಗ ಬೆಂಕಿ ಹಾಕಿ ಸೇರಲಿಲ್ಲೇನು ಅಂತೀರೇನ್ರಿ? ನಿಮಗ ಈ ಸಂಬಂಧ ಬ್ಯಾಡಾಗಿದ್ರ ಒಂದು ಕಾಗದ ಬರದಿದ್ರ ಸಾಕಿತ್ತು. ನಾವ ಸುಮ್ಮನ ಇರ್ತಿದ್ವಿ."

"ಬೆಂಕಿ?" ರಹಿಮಾನಸಾಬರು ತಮ್ಮ ಗ್ಲಾಸನ್ನು ನೋಡಿದರು. ಗಟಗಟನೆ ಮುಗಿಸಿ ತುಟಿ ಚಪ್ಪರಿಸಿದರು. "ಖರೇ ಹೇಳ್ತೇನ್ರಿ, ಇದ್ರಾಗ ಖಾರ ಎಲ್ಲೈತಿ?" ದಾದಿಯೂ ತನ್ನ ಗ್ಲಾಸು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇಬ್ಬರ ಕಣ್ಣಲ್ಲೂ ಹನಿ ನೀರಿಲ್ಲ. ಹಾಜಿರಾಬಿ ಇವರೇನು ಮನುಷ್ಯರೋ ಎಂಬಂತೆ ನೋಡಿದಳು.

ಶರೀಫಾಳಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಎಂಟನೆಯ ಸೀನೂ ತಿಳಿಯಿತು. ಹೆಣ್ಣು ಇಂಥ ಹೊತ್ತಿನಲ್ಲಿ ಪರದೆ ದಾಟಿ ಮಾತಾಡುವಂತಿಲ್ಲ. ಇವತ್ತು ದಾಟದಿದ್ದರೆ ಮುಂದೆ ದಾಟಿ ಏನು ಮಾಡುವುದು ಎಂದು ಪರದೆ ಸರಿಸಿ ಬಂದು ಹಾಜಿರಾಬಿಯ ಎದುರಿಗೆ ಕುಳಿತಳು.

"ತಪ್ಪು ನಂದ್ರಿ. ನಿಮಗ ಬಣ್ಣದ ಪುಡಿ ಆಗಿಬರಂಗಿಲ್ಲ ಅಂತ ಕೇಳಿದ್ದೆ. ಅದಕ್ಕ ಮೆಣಸಿನಕಾಯಿ ನೆನಸಿ ಬಣ್ಣ ತಗದೆ. ಕೆಂಪಾಗ್ಲಿ, ಕೆಂಪಾಗ್ಲಿ ಅಂತ ಹಾಕ್ಕೋಂತ ಹೋದೆ. ಈ ಮನ್ಯಾಗ ಯಾರಿಗೂ ಖಾರ ಗೊತ್ತಾಗಂಗಿಲ್ರಿ. ನನಗೂ ಗೊತ್ತಾಗಂಗಿಲ್ಲ. ನಾವು ಹುಟ್ಟಿದಾಗಿಂದ ಇದ ಗಾಳಿ ಕುಡದೇವಿ. ನಿಮ್ಮನ್ನ ಒಲ್ಲೆ ಅನ್ನಾಕ ಅಲ್ರಿ ಇದನ್ನ ಮಾಡಿದ್ದು." ಅವಳು ಅರ್ಧ ಉಳಿದ ಗ್ಲಾಸಿನ ಕಡೆ ಕೈ ತೋರಿಸಿದಳು. "ಐದು ಸಂಜಿ ಕುಂತು ಮಾಡೇನ್ರಿ, ನೀವು ಹೂಂ ಅನ್ಲಿ ಅಂತ."

"ಬಣ್ಣದ ಪುಡಿ ಸುದ್ದಿ ನಿನಗ ಯಾರು ಹೇಳಿದ್ರು?" ಹಾಜಿರಾಬಿ ಕೇಳಿದಳು.

ಸಲಾವುದ್ದೀನ ಮೇಲಿನ ಜಂತಿಗಳನ್ನು ನೋಡತೊಡಗಿದ.

"ಗ್ಲಾಸು ಬಿಟ್ಟದ್ದು ಬಿಟ್ಟಂಗ," ಗೂಡುಸಾಬ ನಾಲಿಗೆಗೆ ಗಾಳಿ ಹಾಕಿಕೊಳ್ಳುತ್ತ ಹೇಳಿದ. "ಬ್ಯಾರೆ ಗ್ಲಾಸು ಕೊಟ್ರ ನಡಿಯಂಗಿಲ್ಲ. ಪದ್ಧತಿ ಐತಿ."

"ಬ್ಯಾರೆ ಗ್ಲಾಸು ಬ್ಯಾಡ್ರಿ," ಎಂದಳು ಶರೀಫಾ. "ಈ ಗ್ಲಾಸು ಇನ್ನೂ ಚೆಲ್ಲಿಲ್ಲಲ್ರಿ, ಇದನ್ನ ಮುಗಿಸಬಹುದಲ್ಲ." ಎದ್ದು ಒಳಗೆ ಹೋಗಿ ದಾದಿಯ ಪಾಲಿನ ಸೋಡಾ ಬಾಟ್ಲಿ ತಂದಳು, ಸೀದಾ ಸಲಾವುದ್ದೀನನ ಮುಂದೆ ಹಿಡಿದಳು. "ನೀವ ಒತ್ತರಿ. ಸ್ವಲ್ಪ ನೋಡಿ ಹಾಕ್ರಿ, ಅವತ್ತಿನಂಗ ಚೆಲ್ಲಬ್ಯಾಡ್ರಿ."

ಅವನು ಕಣ್ಣೊರೆಸಿಕೊಂಡು ಹೆಬ್ಬೆರಳು ಒತ್ತಿದ. ಗೋಲಿ ಟಪ್ಪೆಂದಿತು. ಅವಳು ಅರ್ಧ ಗ್ಲಾಸು ಹಿಡಿದಳು, ಅವನು ಸುರಿದ. ಕೆಂಪು ನೊರೆ ಬುಸುಬುಸು ಮೇಲೇರಿ ಗ್ಲಾಸಿನ ಅಂಚಿಗೆ ಬಂದು ನಿಂತಿತು. ಇಬ್ಬರೂ ಗ್ಲಾಸನ್ನೇ ನೋಡುತ್ತಿದ್ದರು. ಒಂದು ಹನಿಯೂ ಚೆಲ್ಲಲಿಲ್ಲ.

ಶರೀಫಾ ಗ್ಲಾಸನ್ನು ಎರಡೂ ಕೈಯಲ್ಲಿ ಹಾಜಿರಾಬಿಗೆ ಕೊಟ್ಟಳು. ಆಕೆ ತಕ್ಷಣ ಕುಡಿಯಲಿಲ್ಲ. ಮಗನ ಒದ್ದೆ ಮುಖವನ್ನು ನೋಡಿದಳು, ತಾಟಿನಲ್ಲಿ ಬೋರಲು ಬಿದ್ದ ಅವನ ಗ್ಲಾಸನ್ನು ನೋಡಿದಳು.

"ಇವ ಸಾರಿನಾಗ ಒಂದು ಮೆಣಸಿನಕಾಯಿ ಕಂಡ್ರ ತಾಟ ಸರಿಸಿ ಏಳ್ತಾನ. ಇಪ್ಪತ್ತಾರು ವರ್ಷ ಇವನ ಸಲುವಾಗಿ ಬ್ಯಾರೆ ಸಾರು ಮಾಡೇನಿ," ಎಂದಳು, ಯಾರಿಗೆಂದಲ್ಲದೆ. "ಇವತ್ತ ತಳಾ ಕಾಣೂಮಟ ಕುಡದಾನ."

ಒಂದು ಗುಟುಕು ಕುಡಿದಳು. ತಡೆದು ನೋಡಿದಳು. ಸೋಡಾದ ಚುರುಕಿನೊಳಗೆ ಖಾರ ತಗ್ಗಿತ್ತು, ಹುಣಸೆ ಮತ್ತು ಬೆಲ್ಲ ಮುಂದೆ ಬಂದಿದ್ದವು, ಗಂಟಲಲ್ಲಿ ಮಾತ್ರ ಸಣ್ಣಗೆ ಬೆಚ್ಚಗೆ. ಇನ್ನೊಂದು ಗುಟುಕು. ಮತ್ತೊಂದು. ಆಕೆಯ ತಲೆ ಹಿಂದಕ್ಕೆ ವಾಲಿತು, ಕಡೆಯ ನೊರೆಯೂ ಇಳಿಯಿತು. ಗ್ಲಾಸನ್ನು ತಾಟಿನಲ್ಲಿ, ಮಗನ ಗ್ಲಾಸಿನ ಪಕ್ಕಕ್ಕೆ, ಬೋರಲು ಹಾಕಿದಳು.

"ಹಾವೇರಿಗೆ ನಾ ಕಾಗದ ಬರೀತೇನಿ," ಎಂದಳು. "ನಿಕಾಹಕ್ಕ ಇದ ಶರಬತ್ತ ಮಾಡ್ರಿ. ಆದ್ರ ರುಚಿ ಮಾತ್ರ ನಾ ನೋಡ್ತೇನಿ. ನಿಮ್ಮ ಮನ್ಯಾಗಿನ ನಾಲಿಗಿ ಒಂದೂ ನಂಬೂಹಂಗಿಲ್ಲ."

ದಾದಿ ನಕ್ಕ ನಗು ಪಕ್ಕದ ಮನೆಗೆ ಕೇಳಿಸಿತು. ಸುಶೀಲವ್ವ ಗೋಡೆಯ ಮೇಲಿಂದ ಇಣುಕಿ, "ಏನಾತ್ರವ್ವಾ, ಖಾರ ಕಮ್ಮಿ ಆಗಿತ್ತೇನು?" ಎಂದು ಕೇಳಿದಳು. ಗೂಡುಸಾಬ ಎರಡನೆಯ ತಂಬಿಗೆಗೆ ಕೈ ಹಾಕಿದ.

ನಮಾಜು, ಊಟ ಮುಗಿದು ಹೊರಡುವಾಗ ಹಿರಿಯರೆಲ್ಲ ಅಂಗಳದಲ್ಲಿ ಮಾತಿಗೆ ನಿಂತರು. ಸಲಾವುದ್ದೀನ ಚಪ್ಪಲಿ ಹುಡುಕುವ ನೆಪದಲ್ಲಿ ಹೊಸ್ತಿಲ ಹತ್ತಿರ ಉಳಿದ. ಚಪ್ಪಲಿ ಕಾಲಲ್ಲೇ ಇದ್ದವು.

"ಯಾಕ ಕುಡದ್ರಿ ಅಷ್ಟೂ?" ಶರೀಫಾ ಮೆಲ್ಲಗೆ ಕೇಳಿದಳು. "ಬಿಡಬಹುದಿತ್ತಲ್ಲ."

"ನಿನ್ನ ಕೈಲೆ ಮಾಡಿದ್ದು," ಎಂದ. ಮೊದಲ ಸಲ ನೀವು ಬಿಟ್ಟು ನೀನು ಎಂದಿದ್ದ. ಅದು ಇಬ್ಬರಿಗೂ ಕೇಳಿಸಿತು. "ಅರ್ಧ ಬಿಡಾಕ ನನಗ ಆಗ್ಲಿಲ್ಲ."

ಅವಳು ತಲೆ ತಗ್ಗಿಸಿದಳು. ಅವನು ಬಗ್ಗಿ ಮುಖ ನೋಡಿದ.

"ಖರೇ ಹೇಳು. ನಿನಗ ಒಂಚೂರೂ ಖಾರ ಹತ್ತಲಿಲ್ಲೇನು?"

"ಇಲ್ರಿ."

"ಮತ್ತ ಕಣ್ಣಾಗ ಯಾಕ ನೀರು?"

ಶರೀಫಾ ಓಢಣಿಯ ತುದಿಯಿಂದ ಕಣ್ಣೊರೆಸಿಕೊಂಡಳು. ಗಂಟಿನೊಳಗಿನ ಗೋಲಿ ಕೆನ್ನೆಗೆ ತಣ್ಣಗೆ ತಾಗಿತು.

"ಬ್ಯಾಡಗಿಯವರಿಗೆ ಮೆಣಸಿನಕಾಯಿಗೆ ಕಣ್ಣೀರು ಬರಂಗಿಲ್ರಿ," ಎಂದಳು. "ಇದು ಬ್ಯಾರೇದಕ್ಕ ಬಂದದ್ದು."